ಕುರುಹು, ಅರಿವು, ಆಚಾರ

ಕಂಡದ್ದೆಲ್ಲ ಅರಿವಾಗುವುದೇ, ಅರಿತದ್ದೆಲ್ಲ ಆಚಾರಕ್ಕೆ ಬರುವುದೇ ಎಂಬುದು ಶರಣಧರ್ಮದಲ್ಲಿ ಪುರಾತನವಾದ ಪ್ರಶ್ನೆ. ಅದೇ ಪ್ರಶ್ನೆಯು ಈಗ ವಿದ್ಯಾಕ್ಷೇತ್ರದಲ್ಲಿ ನೂತನ ರೂಪದಿಂದ ಎದುರಾಗಿದೆ. ಯಂತ್ರದ ಕನ್ನಡಕವನ್ನು ಧರಿಸಿದ ವಿದ್ಯಾರ್ಥಿಗೆ ದೂರದ ಸಮುದ್ರತಳವನ್ನೂ ಇನ್ನೂ ಬಾರದ ಪ್ರವಾಹವನ್ನೂ ಕುಳಿತಲ್ಲಿಯೇ ತೋರಿಸುವ ವಿದ್ಯೆಯೊಂದುಂಟು. ಅದಕ್ಕೆ ವಿಸ್ತೃತ ವಾಸ್ತವ, ಅಂದರೆ ಎಕ್ಸ್‌ಆರ್, ಎಂದು ಹೆಸರು. ಮದರಾಸಿನ ಐ.ಐ.ಟಿ.ಯು ವಿದ್ಯಾಸಂಸ್ಥೆಗಳನ್ನೂ ಉದ್ಯಮಗಳನ್ನೂ ಕೂಡಿಸಿ ಇದಕ್ಕಾಗಿ ಒಕ್ಕೂಟವನ್ನು ಕಟ್ಟಿದೆ. ಕರ್ನಾಟಕ ಸರ್ಕಾರದ 2024–2029ರ ನೀತಿಯೊಂದು ಈ ವಿದ್ಯೆಯನ್ನು ಒಳಗೊಂಡಿದೆ. ಇಂಗಾಲಾಮ್ಲವು ಬೆರೆತು ಕಡಲನೀರು ಕೆಡುವ ಬಗೆಯನ್ನು ಹೀಗೆ ತೋರಿಸಿದಾಗ ನೋಡಿದವರ ತಿಳಿವಳಿಕೆ ಹೆಚ್ಚಿತೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು.

ಬಸವಕಲ್ಯಾಣ, ಹುಮನಾಬಾದಗಳ ಒಕ್ಕಲು ಮಕ್ಕಳಿಗೆ ಇದರಿಂದ ಪ್ರಯೋಜನವುಂಟೆ? ಉಂಟು. ಇಲ್ಲಿಯ ತೊಗರಿ, ಉದ್ದು, ಹೆಸರು, ಸೋಯಾ ಬೆಳೆಗಳು ಬಹುಮಟ್ಟಿಗೆ ಮುಂಗಾರು ಮಳೆಯನ್ನೇ ನೆಚ್ಚಿವೆ. 2020ರ ಅಕ್ಟೋಬರಿನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಹೊಲಮನೆಗಳನ್ನು ಭೀಮಾನದಿಯು ಮುಳುಗಿಸಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಇಂತಹ ನಾಡಿನಲ್ಲಿ ನೀರಿನ ನಡೆಯನ್ನು ತಿಳಿಯುವುದೇ ಬದುಕುವ ವಿದ್ಯೆ. ಬೀದರದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗಬಾವಿಯಿದೆ. ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿನ ಮೇಲೆ ನಿಂತು, ಸುರಂಗದ ಮಾರ್ಗವಾಗಿ ತಾನಾಗಿಯೇ ಹರಿಯುವಂತೆ ಅದನ್ನು ಕೊರೆದಿದ್ದಾರೆ. ನೆಲದೊಳಗಿನ ಈ ಜಲಮಾರ್ಗವನ್ನು ಹುಮನಾಬಾದದ ಬಾಲಕನಿಗೆ ಕರಿಹಲಗೆಯ ಮೇಲೆ ತಿಳಿಸುವುದು ಕಷ್ಟ; ಯಂತ್ರವು ಕಣ್ಣಾರೆ ತೋರಿಸಬಲ್ಲುದು.

ಇದಕ್ಕೆ ಹಲವು ವಿದ್ಯೆಗಳು ಕೂಡಬೇಕು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವು ಒಂದುಗೂಡಿದರೆ ನೆಲ, ಬೆಳೆ, ದನಕರು ಮೂರರ ಅರಿವೂ ಒಂದೆಡೆ ಸೇರುವುದು. ಆದರೆ ಆ ಸಭೆಯಲ್ಲಿ ಒಕ್ಕಲಿಗನು ಬರಿಯ ಪ್ರೇಕ್ಷಕನಾಗಬಾರದು. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಕೇಳುವುದಕ್ಕಷ್ಟೇ ಅಲ್ಲ, ನುಡಿಯುವುದಕ್ಕೂ ಕುಳಿತಿದ್ದರೆಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಬರವನ್ನೂ ನೆರೆಯನ್ನೂ ಯಂತ್ರದಲ್ಲಿ ಕಂಡವನಿಗೆ ಅದರ ಅನುಭವವೇ ಆಯಿತು, ಆದುದರಿಂದ ಕರುಣೆಯು ತಾನಾಗಿ ಹುಟ್ಟುವುದು ಎಂದು ಕೆಲವರ ಮತ. ಇದು ಅರ್ಧಸತ್ಯ. ಕಂಡವನ ಕಣ್ಣು ತೇವವಾಗಬಹುದು. ಆದರೆ ಕನ್ನಡಕವನ್ನು ತೆಗೆದೊಡನೆ ಅವನ ನೆರೆ ಇಳಿಯುತ್ತದೆ. ಗೋಡೆ ಕುಸಿದ ಮನೆಯವನು ತೆಗೆದಿಡಲು ಅಂತಹ ಕನ್ನಡಕವಿಲ್ಲ. ಮರುಗಿದ ಮಾತ್ರಕ್ಕೆ ತನ್ನ ಕರ್ತವ್ಯ ತೀರಿತೆಂದು ನೋಡಿದವನು ಭಾವಿಸಿದರೆ, ಆ ನೋಟವು ದಯೆಗೆ ಸಾಧನವಾಗದೆ ದಯೆಯ ದಾರಿಗೆ ಅಡ್ಡವಾಗುವುದು.

ಶರಣರು ಕುರುಹನ್ನು ಹಳಿಯಲಿಲ್ಲ. ಕುರುಹಿನಲ್ಲಿಯೇ ನಿಂತುಬಿಡುವುದನ್ನು ಒಪ್ಪಲಿಲ್ಲ. ಪವಿತ್ರವಾದ ಇಷ್ಟಲಿಂಗಕ್ಕೆ ಲೌಕಿಕ ಯಂತ್ರವನ್ನು ಹೋಲಿಸುವುದು ಸಲ್ಲದು. ಆದರೂ ಕುರುಹಿನಿಂದ ಅರಿವಿಗೆ, ಅರಿವಿನಿಂದ ಆಚಾರಕ್ಕೆ ಎಂಬ ಕ್ರಮವು ಎಲ್ಲ ಕಲಿಕೆಗೂ ಸಲ್ಲುವಂತಹುದು. ಯಂತ್ರದ ನೋಟವು ಕೇವಲ ಕುರುಹು. ನೀರಿನ ನಡೆ ಮನಸ್ಸಿಗೆ ತಿಳಿದಾಗ ಅದು ಅರಿವು. ಇಳಿಜಾರಿಗೆ ಅಡ್ಡಲಾಗಿ ಉತ್ತು, ಬದುವನ್ನು ಬಲಪಡಿಸಿ, ಬಾವಿಗೆ ಮಳೆನೀರನ್ನು ಇಂಗಿಸಿದಾಗ ಅದು ಆಚಾರ. ಆಚಾರಕ್ಕೆ ಬಂದ ಮೇಲೆಯೇ ಅದನ್ನು ಅನುಭವವೆನ್ನಬೇಕು.

ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಆಯ್ದಕ್ಕಿ ಲಕ್ಕಮ್ಮನು ಪತಿ ಮಾರಯ್ಯನಿಗೆ ಹೇಳಿದ ಕಥೆ ಭಕ್ತರ ಮನೆಮನೆಗೂ ಗೊತ್ತು. ನೆರೆಯವನ ಬಾವಿ ಬತ್ತುವಂತೆ ಕೊಳವೆಬಾವಿಯನ್ನು ಮತ್ತಷ್ಟು ಆಳಕ್ಕೆ ಕೊರೆಯುವವನಿಗೆ ಆ ಮಾತು ಇಂದಿಗೂ ಅನ್ವಯಿಸುತ್ತದೆ. ಇಂತಹ ಮಿತಿಯನ್ನು ಯಾವ ಯಂತ್ರವೂ ಕಲಿಸಲಾರದು. ಅದನ್ನು ಮನೆಯಲ್ಲಿ ಹಿರಿಯರು ನಡೆದು ತೋರಿಸಬೇಕು.

ಆದಕಾರಣ ಸದ್ಭಕ್ತರಾದ ಗೃಹಸ್ಥರು ಹೊಸ ವಿದ್ಯೆಗೆ ಅಂಜಬೇಕಾಗಿಲ್ಲ, ಅದಕ್ಕೆ ಮರುಳಾಗಬೇಕಾಗಿಯೂ ಇಲ್ಲ. ಮಕ್ಕಳು ಶಾಲೆಯಲ್ಲಿ ಅದನ್ನು ಕಂಡು ಬಂದ ದಿನ, ಏನು ಕಂಡೆ ಎಂದು ಕೇಳಿ ಅಷ್ಟಕ್ಕೆ ಬಿಡದೆ, ಅವರನ್ನು ಹೊಲದ ಬದುವಿಗೆ ಕರೆದೊಯ್ದು, ಇಲ್ಲಿ ಏನು ಮಾಡೋಣ ಎಂದು ಕೇಳುವುದು ಲೇಸು.