ಅಕ್ಕನಿಗಾಗಿ ಏಳು ದಿನ ಕಾದ ಜನ

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡೋಣ. ನಮಗೋಸ್ಕರ ಜೀವನ ಸವೆಸಿದ ಒಬ್ಬ ಅಕ್ಕ, ಒಬ್ಬ ಅತ್ತೆ, ಒಬ್ಬ ದೊಡ್ಡಮ್ಮ ತೀರಿಹೋದಾಗ ನಾವು ಎದ್ದು ನಿಂತು "ಆಕೆ ನಮಗಾಗಿ ತ್ಯಾಗ ಮಾಡಿದಳು" ಅಂತ ಸಾಕ್ಷಿ ಹೇಳ್ತೀವಿ. ಆ ಮಾತು ಆಕೆಗೆ ಸಲ್ಲುವ ಗೌರವವಾ? ಇಲ್ಲ, ನಾವು ತಗೊಂಡ ಲೆಕ್ಕವನ್ನ ಮುಚ್ಚಿಬಿಡುವ ಸುಲಭದ ದಾರಿಯಾ?

ನಮ್ಮ ದೊಡ್ಡವ್ವ, ಅಂದ್ರೆ ನಮ್ಮ ತಾಯಿಯ ಅಕ್ಕ, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯವಳು. 86 ವರ್ಷ ಬದುಕಿ ಕರ್ತನ ಬಳಿಗೆ ಹೋದಳು. ತಾಯಿ ಸತ್ತ ಮನೆಯಲ್ಲಿ ತಮ್ಮ ತಂಗಿಯರನ್ನ ಬೆಳೆಸಿದಳು, ಆಮೇಲೆ ಅವರ ಮಕ್ಕಳಾದ ನಮ್ಮನ್ನ ಬೆಳೆಸಿದಳು. ಒಮ್ಮೆ ಕೇಳಿದೆ: "ದೊಡ್ಡವ್ವಾ, ನಿನಗೇನು ಆಸೆ ಇತ್ತು?" ಆಕೆ ತಡ ಮಾಡದೆ ಹೇಳಿದಳು: "ಸಾಲಿ ಕಲೀಬೇಕಂತ ಇತ್ತಪಾ. ಬಿಡಿಸಿದ್ರು." ಆ ಮೇಲೆ ರೊಟ್ಟಿ ತಟ್ಟೋದು ಮುಂದುವರಿಸಿದಳು. "ಬಿಟ್ಟೆ" ಅನ್ನಲಿಲ್ಲ, ನೋಡಿ. "ಬಿಡಿಸಿದ್ರು" ಅಂದಳು. ತಾನಾಗಿ ಕೊಡೋದು ತ್ಯಾಗ. ಕಿತ್ತುಕೊಂಡದ್ದಕ್ಕೆ ತ್ಯಾಗ ಅಂತ ಹೆಸರಿಟ್ಟರೆ ಅದು ಸತ್ಯ ಆಗೋದಿಲ್ಲ.

ಇದು ಬಡವರ ಮನೆಯ ಮಾತು ಮಾತ್ರ ಅಲ್ಲ. ನಮ್ಮೂರಿಗೆ ಬರುವ ಕೃಷ್ಣೆ ಮೊದಲು ಸಾಂಗಲಿಯನ್ನ ದಾಟಿ ಬರ್ತಾಳೆ. ಆ ಸಾಂಗಲಿಯಲ್ಲಿ ಬಾಲ್ಯ ಕಳೆದವರು ಲತಾ ಮಂಗೇಶ್ಕರ್. 1942ರಲ್ಲಿ ತಂದೆ ತೀರಿಕೊಂಡಾಗ ಆ ಹುಡುಗಿಗೆ ಇನ್ನೂ 13 ತುಂಬಿರಲಿಲ್ಲ. ಹಿಂದೆ ನಾಲ್ವರು ತಮ್ಮ ತಂಗಿಯರು. ಮನೆ ನಡೆಸೋಕೆ ಸಿನಿಮಾದಲ್ಲಿ ನಟಿಸಿದರು. ನಟನೆ ತನಗೆ ಇಷ್ಟವಿರಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. 2022ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗ ದೇಶವೇ ಅತ್ತಿತು. ಅವರ ಹಾಡು ನಮಗೆಲ್ಲ ಗೊತ್ತು. ಇಷ್ಟವಿಲ್ಲದೆ ಕ್ಯಾಮೆರಾ ಮುಂದೆ ನಿಂತ ಆ ಅಕ್ಕ ಎಷ್ಟು ಜನರಿಗೆ ಗೊತ್ತು?

ನೀವು ಕೇಳಬಹುದು: "ಬ್ರದರ್, ಹಾಗಾದ್ರೆ ತ್ಯಾಗವೇ ತಪ್ಪಾ? ನಮ್ಮ ವಿಶ್ವಾಸ ನಿಂತಿರೋದೇ ಶಿಲುಬೆಯ ಮೇಲೆ ಅಲ್ವಾ?" ಒಳ್ಳೇ ಪ್ರಶ್ನೆ. ಅದಕ್ಕೆ ನಮ್ಮೂರ ಬ್ಯಾರೇಜನ್ನೇ ನೋಡಿ. ನದಿ ದಂಡೆಯಲ್ಲಿದ್ದೂ ಬೇಸಿಗೆಯಲ್ಲಿ ನೀರಿಲ್ಲದೆ ಒದ್ದಾಡಿದ ರೈತರು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಅಡ್ಡ ಕಟ್ಟಿದರು. 1989ರಲ್ಲಿ ಅದು ಎದ್ದು ನಿಂತಿತು. ಹೆಸರು ಶ್ರಮಬಿಂದು ಸಾಗರ. ಎರಡು ವರ್ಷ ಆದಮೇಲೆ ಅದೇ ನ್ಯಾಮಗೌಡರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಅಲ್ಲಿಯೂ ಜನ ಬೆವರು ಕೊಟ್ಟರು, ದುಡ್ಡು ಕೊಟ್ಟರು. ಆದ್ರೆ ಹೊತ್ತವರು ಹಲವರು, ನೀರು ಕುಡಿದವರೂ ಅವರೇ. ಮನೆಯಲ್ಲಿ ಹಾಗಲ್ಲ. ಹೊರೋದು ಒಬ್ಬಳು, ಕುಡಿಯೋರು ಉಳಿದವರೆಲ್ಲ. ಶಿಲುಬೆಯ ವಿಷಯಕ್ಕೆ ಬಂದ್ರೆ, ಕರ್ತನ ಪ್ರಾಣವನ್ನ ಯಾರೂ ಕಿತ್ತುಕೊಳ್ಳಲಿಲ್ಲ, ಆತನೇ ಕೊಟ್ಟನು. ಇನ್ನೊಬ್ಬರ ಹೆಗಲ ಮೇಲೆ ಶಿಲುಬೆ ಇಟ್ಟು ಪಕ್ಕದಲ್ಲಿ ನಿಂತು ಸ್ತೋತ್ರ ಹೇಳೋ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಈಗ ಮಿರ್ಯಾಮಳ ಕಡೆಗೆ ಬನ್ನಿ. ವಿಮೋಚನಕಾಂಡ ಎರಡನೇ ಅಧ್ಯಾಯದಲ್ಲಿ ಕೂಸನ್ನ ಬುಟ್ಟಿಯಲ್ಲಿಟ್ಟು ನದಿಯ ಅಂಚಿನಲ್ಲಿ ಬಿಟ್ಟಾಗ, ದೂರದಲ್ಲಿ ನಿಂತು ಕಾದವಳು ಅಕ್ಕ. ಅಲ್ಲಿ ಆಕೆಯ ಹೆಸರೂ ಇಲ್ಲ, ಬರೀ ಅಕ್ಕ. ವರ್ಷಗಳು ಕಳೆದು ಅರಣ್ಯಕಾಂಡ ಹನ್ನೆರಡರಲ್ಲಿ ಅದೇ ಅಕ್ಕ ತಮ್ಮನ ವಿರುದ್ಧ ಮಾತಾಡ್ತಾಳೆ, ಕುಷ್ಠ ಹತ್ತುತ್ತೆ, ಪಾಳೆಯದ ಹೊರಗೆ ಇರಬೇಕಾಗುತ್ತೆ. ದೇವರ ವಾಕ್ಯ ಆಕೆಯ ತಪ್ಪನ್ನ ಮುಚ್ಚಿಡಲಿಲ್ಲ. ಆದ್ರೆ ಮುಂದೆ ಏನಾಯ್ತು? ಅಂದು ಕಾದು ನಿಂತಿದ್ದ ಅಕ್ಕನಿಗೋಸ್ಕರ ಆ ಕೂಸು, ಮೋಶೆ, ದೇವರಿಗೆ ಮೊರೆಯಿಟ್ಟನು. ಆಕೆ ವಾಪಸ್ ಬರೋವರೆಗೆ ಏಳು ದಿನ ಇಡೀ ಜನಾಂಗ ಹೊರಡಲಿಲ್ಲ.

ಇದರಲ್ಲಿ ನಮಗೆ ಎರಡು ಮಾತಿದೆ. ಮೊದಲನೇದು, ಸತ್ಯವಾಗಿ ನೆನೆಸಿಕೊಳ್ಳೋಣ. ನಮ್ಮ ದೊಡ್ಡವ್ವ ದೇವತೆ ಆಗಿರಲಿಲ್ಲ. ಆಕೆಯ ನಾಲಿಗೆ ಹರಿತ, ಸಿಟ್ಟು ಬಂದ್ರೆ ಎರಡು ದಿನ ಮಾತಿಲ್ಲ. ಅದನ್ನ ಅಳಿಸಿ ಬರೀ ತ್ಯಾಗಮಯಿ ಅಂದ್ರೆ ಉಳಿಯೋದು ಫೋಟೋಕ್ಕೆ ಹಾಕಿದ ಹಾರ ಮಾತ್ರ, ಆಕೆ ಅಲ್ಲ. ಎರಡನೇದು, ಕಾಯುವ ಸರದಿ ಈಗ ನಮ್ಮದು. ಪ್ರೀತಿಯಿಂದ ಕೊಟ್ಟದ್ದನ್ನ ಸಾಲದ ಹಾಗೆ ತೀರಿಸೋಕೆ ಆಗೋದಿಲ್ಲ, ತೀರಿಸೋಕೆ ಹೋದ್ರೆ ಕೊಟ್ಟವರಿಗೇ ನೋವು. ಆದ್ರೆ ಬದುಕಿರುವಾಗ ಆಕೆಗಾಗಿ ನಮ್ಮ ಓಟ ನಿಲ್ಲಿಸಬಹುದು.

ಬೆಂಗಳೂರಲ್ಲಿ, ಪುಣೆಯಲ್ಲಿ ಕೆಲಸ ಮಾಡ್ತಿರೋ ತಮ್ಮಂದಿರೇ, ತಂಗಿಯರೇ, ನಿಮ್ಮ ಫೀಸಿನ ಹಿಂದೆ ಯಾರದ್ದೋ ಬಿಡಿಸಿದ ಸಾಲಿ ಇರಬಹುದು. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಅನ್ನೋದರ ಜೊತೆ "ನಿನಗೇನು ಬೇಕಿತ್ತು?" ಅಂತಾನೂ ಕೇಳಿ. ಉತ್ತರ ಬರೋವರೆಗೆ ಕಾಯಿರಿ. ಆಕೆ ಹೇಳಿದ್ದರಲ್ಲಿ ಇನ್ನೂ ಆಗುವಂಥದ್ದು ಏನಾದರೂ ಇದ್ರೆ, ಅದನ್ನ ಮಾಡಿ. ಕರ್ತನು ನಮ್ಮೆಲ್ಲರಿಗೂ ಅಂಥ ಮನಸ್ಸು ಕೊಡಲಿ. ಆಮೆನ್.