ಮತ್ಸ್ಯನ್ಯಾಯವೂ ಮನುಷ್ಯಧರ್ಮವೂ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ರೀತಿಗೆ ಭಾರತದ ಪ್ರಾಚೀನ ನೀತಿಶಾಸ್ತ್ರಜ್ಞರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡಧರನಾದ ಅರಸನಿಲ್ಲದ ನಾಡಿನಲ್ಲಿ ಬಲಿಷ್ಠನು ದುರ್ಬಲನನ್ನು ನುಂಗುವನೆಂಬುದು ಅದರ ತಾತ್ಪರ್ಯ. ಈ ಉಪಮಾನವನ್ನು ಕೇಳಿದವರ ಕನಿಕರವು ಚಿಕ್ಕ ಮೀನಿನ ಕಡೆಗೇ ಹರಿಯುವುದು ಸಹಜ. ಆದರೆ ನುಂಗುವ ಮೀನೇ ಗತಿಗೆಟ್ಟರೆ ಅದನ್ನು ಕಾಯುವ ಹೊಣೆ ಯಾರದು? ಕಾಯುವುದೆಂದರೇನು? ಉತ್ತರ ಅಮೆರಿಕದ ಮಹಾಸರೋವರಗಳ ಚರಿತ್ರೆಯು ಈ ಪ್ರಶ್ನೆಯನ್ನು ವಿಚಾರವಂತರ ಮುಂದಿಟ್ಟಿದೆ.

ಮಿಷಿಗನ್, ಹ್ಯೂರಾನ್ ಎಂಬ ಸಿಹಿನೀರಿನ ಸರೋವರಗಳಲ್ಲಿ ಲೇಕ್ ಟ್ರೌಟ್ ಎಂಬ ಮೀನು ಬಹುಕಾಲದಿಂದ ಪ್ರಧಾನ ಬೇಟೆಗಾರನಾಗಿದ್ದಿತು. ಕೆಳಗಣ ನೀರಿನ ಜೀವಿಗಳು ಮೇಲೇರಿ ಬಾರದಂತೆ ನಯಾಗರ ಜಲಪಾತವು ಕೋಟೆಯಾಗಿ ನಿಂತಿದ್ದಿತು. ಹಡಗುಗಳ ಸಂಚಾರಕ್ಕೆಂದು 1829ರಲ್ಲಿ ತೆರೆದ ವೆಲ್ಯಾಂಡ್ ಕಾಲುವೆಯು ಆ ಕೋಟೆಗೆ ಕಳ್ಳದಾರಿಯಾಯಿತು. ಇತರ ಮೀನುಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಲ್ಯಾಂಪ್ರೆಯು 1936ರಲ್ಲಿ ಮಿಷಿಗನ್ನಿನಲ್ಲಿ ಕಾಣಿಸಿಕೊಂಡಿತು. ಅದರ ಪೀಡೆಯೂ ಮನುಷ್ಯನ ಮಿತಿಮೀರಿದ ಬಲೆಯೂ ಸೇರಿ, 1950ರ ದಶಕದಲ್ಲಿ ಆ ಸರೋವರದ ಟ್ರೌಟ್ ನಿರ್ಮೂಲವಾಯಿತು. ನುಂಗುವವರಿಲ್ಲದ ನೀರಿನಲ್ಲಿ ಕಡಲಿನಿಂದ ಬಂದ ಆಲ್‌ವೈಫ್ ಎಂಬ ಚಿಕ್ಕ ಮೀನು ಲೆಕ್ಕವಿಲ್ಲದೆ ಹೆಚ್ಚಿತು. 1967ರಲ್ಲಿ ರಾಶಿರಾಶಿಯಾಗಿ ಸತ್ತು ದಡದಲ್ಲಿ ಕೊಳೆಯಿತು. ಬೇಟೆಗಾರನಿಲ್ಲದ ರಾಜ್ಯದಲ್ಲಿ ಚಿಕ್ಕದಕ್ಕೂ ಸುಖವಿರಲಿಲ್ಲ.

ಅಷ್ಟರಲ್ಲಿ ಲ್ಯಾಂಪ್ರೆಯ ಮರಿಗಳನ್ನು ಕೊಲ್ಲುವ ಔಷಧವು ದೊರೆತಿದ್ದಿತು. ಅಧಿಕಾರಿಗಳು ಟ್ರೌಟ್ ಮರಿಗಳನ್ನು ತಂದುಬಿಟ್ಟರು. 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್ ಎಂಬ ಶಾಂತಸಾಗರದ ಸಾಲ್ಮನ್ ಮೀನುಗಳನ್ನೂ ಬಿಟ್ಟರು. ಆಲ್‌ವೈಫ್ ತಗ್ಗಿತು, ಗಾಳದ ವಿನೋದಕ್ಕಾಗಿ ಜನ ನೆರೆಯಿತು, ದಡದ ಊರುಗಳ ದೋಣಿಯವರಿಗೆ ಜೀವನೋಪಾಯವಾಯಿತು. ಆದರೆ 1980ರ ದಶಕದ ಕೊನೆಯಲ್ಲಿ ಹಡಗುಗಳೊಡನೆ ಬಂದ ಜೀಬ್ರಾ, ಕ್ವಾಗಾ ಎಂಬ ಚಿಪ್ಪುಜೀವಿಗಳು ನೀರಿನ ಸೂಕ್ಷ್ಮಾಹಾರವನ್ನು ಸೋಸಿ ತಿನ್ನತೊಡಗಿದುವು. ನೀರು ತಿಳಿಯಾಯಿತು; ಆ ತಿಳಿಯು ಹಸಿವಿನ ಗುರುತಾಗಿದ್ದಿತು. 2003-04ರ ಹೊತ್ತಿಗೆ ಹ್ಯೂರಾನಿನಲ್ಲಿ ಆಲ್‌ವೈಫ್ ಕುಸಿದುಬಿದ್ದಿತು. ಅದನ್ನೇ ನಂಬಿದ್ದ ಚಿನೂಕ್ ಸೊರಗಿ ಕ್ಷೀಣಿಸಿತು.

ಇದನ್ನು ಕಂಡು ಮಿಷಿಗನ್ನಿನಲ್ಲಿ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು ಅಧಿಕಾರಿಗಳು 2013ರಲ್ಲಿ ಬಹುವಾಗಿ ತಗ್ಗಿಸಿದರು. ಮೀನು ಕಡಮೆಯಾದಾಗ ಹೆಚ್ಚು ಮರಿ ಬಿಡಬೇಕಲ್ಲದೆ ತಗ್ಗಿಸುವುದು ಯಾವ ನ್ಯಾಯವೆಂದು ದೋಣಿಯವನು ಕೇಳಬಹುದು. ಅವನ ಮಾತು ಹಗುರವಾದುದಲ್ಲ. ಸರ್ಕಾರವೇ ಬಿಟ್ಟ ಮೀನನ್ನು ನಂಬಿ ಅವನು ಸಂಸಾರ ಹೂಡಿದವನು. ಆದರೂ ಉಣ್ಣಲಿಲ್ಲದ ಮನೆಗೆ ಅತಿಥಿಗಳನ್ನು ಕರೆಯುವುದು ಔದಾರ್ಯವಲ್ಲ. ತಿನ್ನುವವನನ್ನು ಕಾಯಬೇಕೆಂಬವನು ಮೊದಲು ಅವನ ತುತ್ತನ್ನು ಎಣಿಸಬೇಕು.

ಇನ್ನೊಂದು ಸಂಗತಿಯಿದೆ. ಆಲ್‌ವೈಫ್ ಟ್ರೌಟಿನ ಮರಿಗಳನ್ನು ತಿನ್ನುವುದು. ಅದನ್ನು ಹೆಚ್ಚಾಗಿ ತಿಂದ ಟ್ರೌಟಿನ ಮೊಟ್ಟೆಗಳಲ್ಲಿ ಥಯಾಮಿನ್ ಎಂಬ ಜೀವಸತ್ತ್ವವು ಕುಂದುವುದು. ಹ್ಯೂರಾನಿನಲ್ಲಿ ಅದು ಕುಸಿದ ಮೇಲೆ ಟ್ರೌಟ್ ಮತ್ತೆ ತಾನಾಗಿಯೇ ಸಂತಾನವನ್ನು ಪಡೆಯತೊಡಗಿತು. ಒಬ್ಬರಿಗೆ ಸರ್ವನಾಶವಾಗಿ ತೋರಿದುದು ನೆಲದ ಮೂಲನಿವಾಸಿಗೆ ಮರುಜನ್ಮವಾಯಿತು. ಹೀಗಿರುವಾಗ ಮನುಷ್ಯನಿಗೆ ಪ್ರಿಯವಾದ ಮೀನನ್ನೇ ಸರೋವರವೆಂದು ಭಾವಿಸುವುದು ಭ್ರಾಂತಿ.

ಮತ್ಸ್ಯನ್ಯಾಯವನ್ನು ತಡೆಯಲು ಅರಸನು ಬೇಕೆಂದು ಹಿಂದಿನವರು ಹೇಳಿದರು. ಕಾಲುವೆಯನ್ನು ತೋಡಿದಂದೇ ಮನುಷ್ಯನು ಆ ನೀರಿಗೆ ಅರಸನಾದನು. ಇನ್ನು ಕೈತೊಳೆದುಕೊಂಡು ಹೋಗುವ ಹಕ್ಕು ಅವನಿಗಿಲ್ಲ. ಆದರೆ ಅವನ ದಂಡವು ಮೊದಲು ಬೀಳಬೇಕಾದುದು ಮೀನಿನ ಮೇಲಲ್ಲ, ತನ್ನ ಆಸೆಯ ಮೇಲೆ.