ಎಂಟು ಮೀಟರ್ ಆಚೆ ನಿಂತವರು

ಹೋದ ವರ್ಷ ನವೆಂಬರ್‌ನಲ್ಲಿ ನನ್ನ ಕಾರಿನ ಎಡಗಡೆ ಹೆಡ್‌ಲೈಟ್ ಬಲ್ಬು ಹೋಯ್ತು. ಕಾರು ಅಂದ್ರೆ ದೊಡ್ಡದೇನಲ್ಲ, ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಬಲ್ಬು ಹೋಗುವುದೂ ದೊಡ್ಡ ವಿಷಯವಲ್ಲ. ಮುನ್ನೂರು ರೂಪಾಯಿ ಕೊಟ್ಟು ಅಂಥದ್ದೇ ಇನ್ನೊಂದು ತಂದು ಹಾಕಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಜೆ.ಸಿ. ರಸ್ತೆಗೆ ಹೋದೆ.

"ಅದೇ ಹಳೇ ಹಳದಿ ಬಲ್ಬ್ ಯಾಕ್ ಸಾರ್? ಎಲ್‌ಇಡಿ ಹಾಕ್ಸಿ. ರಾತ್ರಿ ಹಗಲಾಗುತ್ತೆ" ಅಂದ ಅಂಗಡಿಯವನು.

ನನಗೂ ಆಸೆ. ಅದು ಬರೀ ಶೋಕಿಯ ಆಸೆ ಅಲ್ಲ ಅಂತ ಈಗಲೂ ಹೇಳ್ತೀನಿ. ತಿಂಗಳಿಗೊಮ್ಮೆ ಊರಿಗೆ ಹೋಗ್ತೀನಿ. ಚನ್ನರಾಯಪಟ್ಟಣದ ಹತ್ತಿರ ಹೈವೇ ಬಿಟ್ಟ ಮೇಲೆ ಹದಿನಾಲ್ಕು ಕಿಲೋಮೀಟರ್ ಹಳ್ಳಿ ರಸ್ತೆ. ಬೀದಿ ದೀಪ ಇಲ್ಲ, ಅಂಚಿಗೆ ಬಿಳಿ ಗೆರೆ ಇಲ್ಲ. ಊರಿನವರೇ ಹಾಕಿಕೊಂಡ, ಬಣ್ಣ ಕಾಣದ ಹಂಪುಗಳು. ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು. ಸುಗ್ಗಿಯಾದರೆ ರಸ್ತೆ ಮೇಲೇ ಒಕ್ಕಣೆಗೆ ಹರವಿದ ರಾಗಿ, ಹುರುಳಿ. ಹಿಂದಿನ ಸೀಟಿನಲ್ಲಿ ಮಗಳು ಮಲಗಿರ್ತಾಳೆ. ಇನ್ನೊಂದಿಷ್ಟು ಬೆಳಕಿದ್ದರೆ ಅನ್ನಿಸೋದು ತಪ್ಪಾ?

"ಪೊಲೀಸ್‌ನೋರು ಹಿಡಿಯಲ್ವಾ?" ಅಂತ ಕೇಳಿದೆ.

"ಎಲ್ರೂ ಹಾಕಿಸ್ತಾರೆ ಸಾರ್. ಎಷ್ಟ್ ಜನಾನ್ ಹಿಡೀತಾರೆ?"

ಹಾಕಿಸಿದೆ. ಹುಡುಗ ಎದುರಿನ ಗೋಡೆಗೆ ಬೆಳಕು ಬಿಟ್ಟು ತೋರಿಸಿದ. ಹಾಲಿನಂಥ ಬಿಳಿ ಬೆಳಕು. ಖುಷಿಯಾಯ್ತು. ನಮ್ಮ ಕಸುಬಿನಲ್ಲಿ ಒಂದು ಹಳೆಯ ಸಬೂಬು ಇದೆ, ನಿಮಗೂ ಗೊತ್ತಿರುತ್ತೆ: "ನನ್ನ ಮಷೀನ್‌ನಲ್ಲಿ ಕೆಲಸ ಮಾಡ್ತಿದೆಯಲ್ಲ!" ಕೋಡು ಬರೆದವನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡುತ್ತೆ, ಬೇರೆಯವರ ಕೈಗೆ ಹೋದಾಗ ಬೀಳುತ್ತೆ. ಆವತ್ತು ಗೋಡೆ ನೋಡಿ ಖುಷಿಪಟ್ಟಿದ್ದೂ ಅಂಥದ್ದೇ.

ಡಿಸೆಂಬರ್‌ನ ಒಂದು ಶುಕ್ರವಾರ ಊರಿಗೆ ಹೊರಟೆ. ಹಳ್ಳಿ ರಸ್ತೆಗೆ ಇಳಿಯುವ ಹೊತ್ತಿಗೆ ಪೂರ್ತಿ ಕತ್ತಲು. ಹೊಸ ಬೆಳಕಲ್ಲಿ ಬೇಲಿಯ ಎಲೆ ಎಲೆಯೂ ಕಾಣ್ತಿತ್ತು. ಕೆರೆ ಏರಿಯ ಹತ್ತಿರ ಎದುರಿಗೆ ಒಂದು ಸಣ್ಣ ದೀಪ ಬಂತು, ಟಿವಿಎಸ್ ಇರಬೇಕು. ನಾನು ಡಿಪ್ ಮಾಡಿದೆ. ಇದನ್ನು ಒತ್ತಿ ಹೇಳ್ತೀನಿ, ಡಿಪ್ ಮಾಡಿದೆ. ವೇಗವನ್ನೂ ಕಮ್ಮಿ ಮಾಡಿದೆ. ದೀಪ ಪಕ್ಕಕ್ಕೆ ಸರಿಯಿತು. ಮುಂದೆ ಹೋದೆ.

ಮಾರನೇ ದಿನ ಬೆಳಗ್ಗೆ ಬಸ್ ಸ್ಟ್ಯಾಂಡ್ ಹೋಟ್ಲಿನಲ್ಲಿ ಟೀ ಕುಡೀತಾ ಕೂತಿದ್ದೆ. ಪಕ್ಕದ ಮನೆ ದೊಡ್ಡಪ್ಪ ಕುಂಟುತ್ತಾ ಬಂದರು. ಸಂಬಂಧದಲ್ಲಿ ದೊಡ್ಡಪ್ಪ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ರೂಢಿ. ಅರವತ್ತೈದು ದಾಟಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ.

"ಏನಾಯ್ತು ದೊಡ್ಡಪ್ಪ?"

"ನಿನ್ನೆ ಡೈರಿಗೆ ಹಾಲ್ ತಗೊಂಡ್ ಹೋಯ್ತಿದ್ದೆ ಕಣಪ್ಪ. ಏರಿ ತಾವ ಯಾವನೋ ಕಾರ್ನೋನು ಕಣ್ಣಿಗೇ ಲೈಟ್ ಬಿಟ್ಬುಟ್ಟ. ಏನೂ ಕಾಣ್ನಿಲ್ಲ. ಪಕ್ಕಕ್ಕೆ ಇಳ್ಸಕ್ ಹೋಗಿ ಬಿದ್ಬುಟ್ಟೆ. ಎಂಟ್ ಲೀಟ್ರು ಹಾಲು ಮಣ್ಣುಪಾಲು."

"ಯಾವ ಕಾರು ಅಂತ ಗೊತ್ತಾಗ್ಲಿಲ್ವಾ?" ಇದನ್ನು ಕೇಳಿದ್ದು ನಾನಲ್ಲ, ಹೋಟ್ಲಿನವರು.

"ಕಂಡಿದ್ರಲ್ವಾ ಗೊತ್ತಾಗಾದು!"

ಎಲ್ಲರೂ ನಕ್ಕರು. ನಾನು ಟೀ ಲೋಟ ನೋಡ್ತಾ ಕೂತಿದ್ದೆ. ದೊಡ್ಡಪ್ಪನ ಟೀ ದುಡ್ಡು ನಾನೇ ಕೊಟ್ಟೆ. ಅಷ್ಟೇ ಮಾಡಿದ್ದು.

ನಾನು ಡಿಪ್ ಮಾಡಿದ್ದೆನಲ್ಲ, ಮತ್ತೆ ಯಾಕೆ ಹೀಗಾಯ್ತು? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಕೂತು ಓದಿದೆ. ನನ್ನ ಕಾರಿಗೆ ಕಂಪನಿ ಕೊಟ್ಟಿದ್ದು ಎಚ್‌4 ಅನ್ನೋ ಹ್ಯಾಲೊಜೆನ್ ಬಲ್ಬು, 60/55 ವ್ಯಾಟ್. ಒಂದೇ ಗಾಜಿನೊಳಗೆ ಎರಡು ತಂತಿ: 60 ವ್ಯಾಟ್‌ನದು ಹೈ ಬೀಮ್‌ಗೆ, 55ರದು ಲೋ ಬೀಮ್‌ಗೆ. ಲೋ ಬೀಮ್ ತಂತಿಯ ಕೆಳಗೆ ಲೋಹದ ಪುಟ್ಟ ಬಟ್ಟಲು ಇರುತ್ತೆ. ಹಿಂದಿನ ಕನ್ನಡಿಯ ಕೆಳಭಾಗಕ್ಕೆ ಬೆಳಕು ಹೋಗದ ಹಾಗೆ ಅದು ತಡೆಯುತ್ತೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ಕೆಳಮುಖವಾಗಿ ರಸ್ತೆಗೆ ಬೀಳುತ್ತೆ. ಎದುರಿನವರ ಕಣ್ಣನ್ನು ಕಾಯೋದು ಆ ಚೂರು ತಗಡು ಮತ್ತು ತಂತಿ ಇರುವ ಜಾಗ. ಆ ಜಾಗಕ್ಕೆ ಬೇರೆ ಆಕಾರದ ಎಲ್‌ಇಡಿ ತುರುಕಿದರೆ, ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಬೆಳಕು ಎಲ್ಲೆಲ್ಲೋ ಚೆಲ್ಲುತ್ತೆ. ಕಂಪನಿಯಿಂದಲೇ ಎಲ್‌ಇಡಿ ದೀಪದ ಜೊತೆ ಬರುವ ಕಾರುಗಳ ಮಾತು ಬೇರೆ, ಅವುಗಳ ಇಡೀ ದೀಪವೇ ಅದಕ್ಕೆ ತಕ್ಕಂತೆ ಮಾಡಿದ್ದು. ನನ್ನದರಲ್ಲಿ ಡಿಪ್ ಅನ್ನೋದು ಹೆಸರಿಗೆ ಮಾತ್ರ ಉಳಿದಿತ್ತು.

ಕಾನೂನನ್ನೂ ಓದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದರ ಬಗ್ಗೆಯೇ ಇದೆ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ಯಾರಿಗೂ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಅನ್ನೋದು ಅದರ ಸಾರ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಂಟು ಮೀಟರ್ ದೂರ, ಬಲಗಡೆ, ಒಂದೂವರೆ ಮೀಟರ್ ಎತ್ತರ. ಹೆಚ್ಚೂಕಮ್ಮಿ ಎದುರಿನಿಂದ ಟಿವಿಎಸ್ ಮೇಲೆ ಬರುವವರ ಕಣ್ಣೇ ಅದು. ದೊಡ್ಡಪ್ಪ 30ರ ವೇಗದಲ್ಲಿ ಬಂದಿದ್ದರೂ ಆ ಎಂಟು ಮೀಟರ್‌ಗೆ ಒಂದು ಸೆಕೆಂಡ್ ಸಾಕು. ಕೋರೈಸಿದ ಕಣ್ಣು ಸರಿಹೋಗೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ವಯಸ್ಸಾದ ಕಣ್ಣಿಗೆ, ಪೊರೆ ಬಂದ ಕಣ್ಣಿಗೆ ಇನ್ನೂ ಹೆಚ್ಚು.

ನಾವು ಚಿಕ್ಕವರಿದ್ದಾಗ ಲಾರಿ, ಬಸ್ಸಿನ ಹೆಡ್‌ಲೈಟ್‌ಗೆ ಕಪ್ಪು ಬಣ್ಣ ಬಳಿದಿರೋರು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಅದು ಒರಟು ಉಪಾಯವೇ, ಆದರೂ ಎದುರಿನವರ ಕಣ್ಣಿಗೋಸ್ಕರ ತಮ್ಮ ಬೆಳಕನ್ನೇ ಒಂದಿಷ್ಟು ಬಿಟ್ಟುಕೊಡುವ ಉಪಾಯ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಆವತ್ತು ಏರಿ ಮೇಲೆ ನಾನು ತಪ್ಪು ಮಾಡಿದೆನಾ? ಅಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ. ತಪ್ಪು ನಡೆದಿದ್ದು ಒಂದು ತಿಂಗಳು ಮುಂಚೆ, ಜೆ.ಸಿ. ರಸ್ತೆಯ ಕೌಂಟರ್ ಮುಂದೆ. ಅಲ್ಲಿ ನನ್ನೆದುರು ದೊಡ್ಡಪ್ಪ ಇರಲಿಲ್ಲ, ಗೋಡೆ ಇತ್ತು. ನಾವು ಒಳ್ಳೆತನ ಅಂದ್ರೆ ಮುಖಾಮುಖಿಯಾದಾಗ ತೋರಿಸೋದು ಅಂದುಕೊಂಡಿರ್ತೀವಿ: ದಾರಿ ಬಿಡೋದು, ಡಿಪ್ ಮಾಡೋದು, ಸಾರಿ ಅನ್ನೋದು. ಆದರೆ ಎಷ್ಟೋ ಸಲ ಯಾರೂ ಎದುರಿಗಿಲ್ಲದ ಹೊತ್ತಿನಲ್ಲಿ, ಬಿಲ್ ಮಾಡಿಸುವಾಗ, ಡಿಸೈನ್ ಫೈನಲ್ ಮಾಡುವಾಗ ಎಲ್ಲ ತೀರ್ಮಾನ ಆಗಿಹೋಗಿರುತ್ತೆ. ಆಮೇಲೆ ಎದುರು ಸಿಕ್ಕಾಗ ಎಷ್ಟೇ ಒಳ್ಳೆಯವನಾದರೂ ಲೋ ಬೀಮೇ ಇಲ್ಲದ ಕಾರಲ್ಲಿ ಡಿಪ್ ಮಾಡಿದ ಹಾಗೆ.

ಅಂಗಡಿಯಲ್ಲಿ ನಾನು ಕೇಳಿದ್ದು ಪೊಲೀಸರ ಬಗ್ಗೆ ಮಾತ್ರ ಅನ್ನೋದು ಈಗ ಚುಚ್ಚುತ್ತೆ. 2024ರ ಜುಲೈನಿಂದ ಕರ್ನಾಟಕದಲ್ಲಿ ಕಣ್ಣು ಕುಕ್ಕುವ ದೀಪಗಳ ಮೇಲೆ ಪೊಲೀಸರು ಕೇಸು ಹಾಕತೊಡಗಿದರು. ಒಳ್ಳೆಯದೇ. ಆದರೆ ನಮ್ಮೂರ ಕೆರೆ ಏರಿ ಮೇಲೆ ಯಾವ ಪೊಲೀಸರೂ ನಿಂತಿರಲ್ಲ.

"ಎಲ್ರೂ ಹಾಕಿಸ್ತಾರೆ" ಅನ್ನೋ ವಾದವನ್ನು ತಳ್ಳಿಹಾಕೋದು ಸುಲಭ ಅಲ್ಲ. ಎದುರಿನವನ ಬೆಳಕಿಗೆ ನನಗೆ ರಸ್ತೆ ಕಾಣಲ್ಲ, ಅದಕ್ಕೆ ನಾನು ಇನ್ನೂ ಜೋರು ಬೆಳಕು ಹಾಕಿಸ್ತೀನಿ. ಅವನೂ ಹಾಗೇ ಮಾಡ್ತಾನೆ. ಇಬ್ಬರದೂ ಸರಿಯಾದ ಲೆಕ್ಕವೇ, ಕೊನೆಗೆ ಇಬ್ಬರಿಗೂ ಕಾಣಲ್ಲ. ಮೂರನೆಯವರು, ಟಿವಿಎಸ್‌ನಲ್ಲಿ ಬರುವವರು, ನಡೆದು ಬರುವವರು, ಈ ಪೈಪೋಟಿಯಲ್ಲೇ ಇಲ್ಲ. ಬೀಳೋದು ಅವರೇ.

ತಾತನ ನೆನಪಾಗುತ್ತೆ. ರಾತ್ರಿ ಕರೆಂಟು ಬಂದಾಗ ನೀರು ಕಟ್ಟೋಕೆ ನನ್ನನ್ನೂ ಗದ್ದೆಗೆ ಕರ್ಕೊಂಡು ಹೋಗೋರು, ಮೂರು ಶೆಲ್ಲಿನ ಬ್ಯಾಟ್ರಿ ನನ್ನ ಕೈಲಿ. ಎದುರಿಗೆ ಯಾರಾದ್ರೂ ಬಂದರೆ ಯಾರು ಅಂತ ನೋಡೋಕೆ ಮುಖಕ್ಕೇ ಬಿಡ್ತಿದ್ದೆ. "ಮಕಕ್ಕೆ ಬಿಡ್‌ಬ್ಯಾಡ ಕಣ್ಲಾ, ಕಾಲಿಗ್ ಬಿಡು. ಅವ್ನೂ ಮನೆ ಸೇರ್‌ಬ್ಯಾಡ್ವಾ?" ಅನ್ನೋರು. 106ನೇ ನಿಯಮ ಹೇಳೋದೂ ಅದನ್ನೇ.

ಎಲ್‌ಇಡಿ ತೆಗೆಸಿದೆ. ಎರಡೂ ಕಡೆ 60/55ರ ಹ್ಯಾಲೊಜೆನ್ ಹಾಕಿಸಿದೆ. ಹಳದಿಗಟ್ಟಿದ್ದ ದೀಪದ ಕವರ್ ಪಾಲಿಶ್ ಮಾಡಿಸಿದೆ, ರಿಲೇ ಹಾಕಿಸಿ ವೈರಿಂಗ್ ಸರಿಮಾಡಿಸಿದೆ, ದೀಪದ ಎತ್ತರ ಹೊಂದಿಸಿಕೊಂಡೆ. ಮೊದಲಿಗಿಂತ ಚೆನ್ನಾಗೇ ಕಾಣುತ್ತೆ. ರಾತ್ರಿ ಹಗಲಾಗಲ್ಲ, ಅದಕ್ಕೆ ನಿಧಾನಕ್ಕೆ ಹೋಗ್ತೀನಿ. ಹದಿನಾಲ್ಕು ಕಿಲೋಮೀಟರ್‌ಗೆ ಐದಾರು ನಿಮಿಷ ಜಾಸ್ತಿಯಾಗುತ್ತೆ ಅಷ್ಟೇ.

ಇದೆಲ್ಲ ಸುಲಭದ ಭಾಗ. ಸಂಕ್ರಾಂತಿಗೆ ಹೋದಾಗ ಹೇಳಲೇಬೇಕು ಅಂದುಕೊಂಡಿದ್ದೆ. ದೊಡ್ಡಪ್ಪ ಎಳ್ಳು ಬೆಲ್ಲ ಕೊಟ್ಟು, "ಕಾರು ಚೆನ್ನಾಗಿ ಓಡ್ತಾ ಐತಾ?" ಅಂದರು. "ಹೂಂ ದೊಡ್ಡಪ್ಪ" ಅಂದೆ. ಅಲ್ಲಿಗೆ ಮಾತು ನಿಂತಿತು. ಎಂಟು ಲೀಟರ್ ಹಾಲಿಗೆ ಡೈರಿಯಲ್ಲಿ ಎಷ್ಟು ಸಿಗುತ್ತಿತ್ತು ಅಂತ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಮುನ್ನೂರರ ಹತ್ತಿರ. ಒಂದು ಹ್ಯಾಲೊಜೆನ್ ಬಲ್ಬಿನ ದುಡ್ಡು.

ಮುಂದಿನ ವಾರ ಮತ್ತೆ ಊರಿಗೆ ಹೋಗಬೇಕು. ಈ ಸಲ ಹೇಳ್ತೀನಿ.